ಧೂಳು ತುಂಬಿದ ಮನೆಯಲ್ಲಿ ಪ್ರಾರ್ಥನೆಗೆ ಜಾಗ ಎಲ್ಲಿ?

ಪ್ರಶ್ನೆ: ಅಪ್ಪ ಅಮ್ಮ ಕಟ್ಟಿಸಿದ ಹಳೆಯ ಮನೆಯನ್ನು ರಿಪೇರಿ ಮಾಡಿಸುತ್ತಿದ್ದೇವೆ. ವಾಸವೂ ಅಲ್ಲೇ. ತಿಂಗಳುಗಟ್ಟಲೆಯಿಂದ ಧೂಳು, ಸದ್ದು, ಖರ್ಚು. ಮನೆಯವರೆಲ್ಲ ಕೂಡಿ ಮಾಡುತ್ತಿದ್ದ ಪ್ರಾರ್ಥನೆ ನಿಂತೇ ಹೋಗಿದೆ. ಭಾನುವಾರದ ಆರಾಧನೆಯನ್ನು ಮೊಬೈಲಿನಲ್ಲಿ ನೋಡಿ ಮುಗಿಸುತ್ತೇವೆ. ಖರ್ಚಿನ ಪಾಲಿನ ವಿಚಾರಕ್ಕೆ ಅಣ್ಣನಿಗೂ ನನಗೂ ಮಾತು ಬೆಳೆದಿದೆ. ಹದಿನೇಳು ವರ್ಷದ ಮಗ ಚರ್ಚುಗಳ ಹಗರಣದ ಸುದ್ದಿ ತೋರಿಸಿ, ಇನ್ನು ನಾನು ಬರುವುದಿಲ್ಲ ಅನ್ನುತ್ತಾನೆ. ಬೇರೆ ದೇಶಗಳಲ್ಲಿ ಕ್ರೈಸ್ತರು ಮನೆ ಮಾರು ಕಳೆದುಕೊಳ್ಳುತ್ತಿರುವಾಗ ನಾನು ಟೈಲ್ಸಿನ ಬಣ್ಣ ಆರಿಸುತ್ತಾ ಕೂತಿದ್ದೇನಲ್ಲ ಎಂದು ನಾಚಿಕೆಯಾಗುತ್ತದೆ. ಇಂದಿನ ಕ್ರೈಸ್ತರ ಮುಂದಿರುವ ಸವಾಲುಗಳ ಬಗ್ಗೆ ಪ್ರಸಂಗ ಕೇಳಿದಾಗಲೆಲ್ಲ, ಅದಕ್ಕೂ ನನ್ನ ಮನೆಯ ಪಾಡಿಗೂ ಏನೂ ಸಂಬಂಧವಿಲ್ಲ ಅನ್ನಿಸುತ್ತದೆ. ಸಂಬಂಧ ಇದೆಯೇ?

ಉತ್ತರ: ಪ್ರಿಯ ಸಹೋದರಿ,

ಇದೆ. ನೀವು ಬರೆದ ಒಂದೊಂದು ಸಾಲಿನಲ್ಲೂ ಇದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮನುಷ್ಯನ ದುಡ್ಡು, ತಾಳ್ಮೆ, ನಂಟು, ಮಾತಿನ ಬೆಲೆ ಎಲ್ಲವೂ ಒಟ್ಟಿಗೆ ಪರೀಕ್ಷೆಗೆ ಬರುವ ಕೆಲಸಗಳು ಇವೆರಡೇ. ಹಳೆಯ ಮನೆಯ ರಿಪೇರಿಯಂತೂ ಹೊಸದಾಗಿ ಕಟ್ಟುವುದಕ್ಕಿಂತ ಕಷ್ಟ. ಗೋಡೆ ಒಡೆದ ಮೇಲೇ ಒಳಗೇನಿದೆ ಎಂದು ಗೊತ್ತಾಗುವುದು. ಪ್ರಸಂಗ ಮಾಡುವ ನಮ್ಮಂಥವರಿಗೆ ಮನೆ ಎಂದ ಕೂಡಲೇ ಬಂಡೆಯ ಮೇಲಿನ ಮನೆ, ಮರಳಿನ ಮೇಲಿನ ಮನೆ ನೆನಪಾಗಿ, ನಿಜವಾದ ಮನೆ ಮರೆತುಹೋಗುತ್ತದೆ. ಇಲ್ಲಿ ನಾನು ನಿಮ್ಮ ಮನೆಯನ್ನು ಆತ್ಮದ ಸಂಕೇತ ಮಾಡಲು ಹೋಗುವುದಿಲ್ಲ. ಮೇಸ್ತ್ರಿಗೆ ಕೊಡಬೇಕಾದ ಕೂಲಿ, ಅಣ್ಣನ ಮುನಿಸು, ಕೆಮ್ಮು ತರಿಸುವ ಧೂಳು, ಇವುಗಳನ್ನು ಇದ್ದ ಹಾಗೇ ನೋಡೋಣ.

ಇಂದಿನ ಕ್ರೈಸ್ತರ ಸವಾಲುಗಳು ಎಂದು ಸಾಮಾನ್ಯವಾಗಿ ಹೆಸರಿಸುವುದು ಹಿಂಸೆ, ಹಗರಣ, ದೂರ ಸರಿಯುತ್ತಿರುವ ಯುವಜನ, ನಂಬಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಸಮಾಜ. ಎಲ್ಲವೂ ನಿಜ. ಆದರೆ ಕುಟುಂಬಗಳ ಜೊತೆ ಕೂತು ಮಾತಾಡುವ ನನಗೆ ಇವೆಲ್ಲದರ ಹಿಂದೆ ಇನ್ನೊಂದು ಕಾಣುತ್ತದೆ. ನಂಬಿಕೆ ಎನ್ನುವುದು ಭಾನುವಾರದ ಒಂದು ಗಂಟೆಗೂ ಒಂದು ಕಟ್ಟಡಕ್ಕೂ ಸೀಮಿತವಾಗಿದೆ. ಉಳಿದ ಆರು ದಿನದ ಲೆಕ್ಕ, ವ್ಯವಹಾರ, ಸಿಟ್ಟು ಬೇರೆಯದೇ ನಿಯಮದಲ್ಲಿ ನಡೆಯುತ್ತವೆ. ಹಾಗಾಗಿ ಆ ಒಂದು ಗಂಟೆಗೆ ಏಟು ಬಿದ್ದರೆ ಎಲ್ಲವೂ ಹೋದಂತೆ ಅನ್ನಿಸುತ್ತದೆ. ನಿಮಗೆ ಆಗಿರುವುದೂ ಇದೇ. ಪ್ರಾರ್ಥನೆಯ ಕೋಣೆಯಲ್ಲಿ ಸಿಮೆಂಟ್ ಚೀಲ ಬಂದು ಕೂತಿತು, ಪ್ರಾರ್ಥನೆ ನಿಂತಿತು.

ಆದಿ ಸಭೆಗೆ, ಅಂದರೆ ಮೊದಲ ಕಾಲದ ಕ್ರೈಸ್ತರಿಗೆ, ಇಂಥ ಕೋಣೆಯೇ ಇರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಫಿಲಿಪ್ಪಿಯಲ್ಲಿ ಸಭೆ ಸೇರಿದ್ದು ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಲುದ್ಯಳ ಮನೆಯಲ್ಲಿ. ಗುಡಾರ ಹೊಲಿಯುತ್ತಿದ್ದ ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಊರೂರು ಬದಲಿಸಿದರೂ ಹೋದಲ್ಲೆಲ್ಲ ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತು. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲೂ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೂ ಅದರ ಉಲ್ಲೇಖವಿದೆ. ಅಂಥ ಒಂದು ಮನೆ ನೆಲ ಅಗೆದವರಿಗೆ ಸಿಕ್ಕಿದೆ ಎಂದರೆ ನಿಮಗೆ ಖುಷಿಯಾಗಬಹುದು. ಸಿರಿಯಾದಲ್ಲಿ ಯೂಫ್ರಟೀಸ್ ನದಿಯ ದಂಡೆಯ ಮೇಲೆ ದೂರಾ ಯೂರೋಪಸ್ ಎಂಬ ಪಟ್ಟಣವಿತ್ತು. 1930ರ ದಶಕದ ಆರಂಭದಲ್ಲಿ ಅಲ್ಲಿ ಅಗೆದವರಿಗೆ ಕ್ರೈಸ್ತರು ಆರಾಧನೆಗೆ ಬಳಸುತ್ತಿದ್ದ ಸಾಧಾರಣ ವಾಸದ ಮನೆಯೊಂದು ಸಿಕ್ಕಿತು. ಕಾಲ ಸುಮಾರು ಕ್ರಿ.ಶ. 230ರಿಂದ 256. ಅದು ರಿಪೇರಿ ಮಾಡಿಸಿದ ಮನೆ! ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಜನ ಕೂರುವ ಹಜಾರ ಮಾಡಿದ್ದರು. ಒಂದು ತುದಿಗೆ ಸಣ್ಣ ಜಗಲಿ ಎತ್ತಿದ್ದರು. ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಕಟ್ಟಿ, ಗೋಡೆಯ ಮೇಲೆ ಒಳ್ಳೆಯ ಕುರುಬನ ಚಿತ್ರ, ಪಾರ್ಶ್ವವಾಯು ರೋಗಿ ಹಾಸಿಗೆ ಹೊತ್ತು ನಡೆಯುವ ಚಿತ್ರ ಬರೆಸಿದ್ದರು. ಶತ್ರುಗಳ ಮುತ್ತಿಗೆ ಬಂದಾಗ ಕೋಟೆಗೋಡೆಯನ್ನು ಗಟ್ಟಿ ಮಾಡಲು ಆ ಬೀದಿಯನ್ನೆಲ್ಲ ಮಣ್ಣಿನಿಂದ ತುಂಬಿಸಿದರು. ಆ ಮಣ್ಣಿನಿಂದಲೇ ಚಿತ್ರಗಳು ಉಳಿದವು. ಗೋಡೆ ಒಡೆಯುತ್ತಿದ್ದ ದಿನಗಳಲ್ಲಿ ಆ ಮನೆಯವರೂ ನಿಮ್ಮ ಹಾಗೇ ಧೂಳು ಗುಡಿಸಿರಬೇಕು.

ಕ್ರಿ.ಶ. 313ರಲ್ಲಿ ರೋಮನ್ ಚಕ್ರವರ್ತಿಗಳು ಆರಾಧನೆಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ದೊಡ್ಡ ದೊಡ್ಡ ದೇವಾಲಯಗಳು ಎದ್ದವು. ಅದರಿಂದ ಬಂದ ಒಳ್ಳೆಯದು ಬಹಳ. ಆದರೆ ಮನೆ ಎಂಬುದು ನಂಬಿಕೆಯ ಮೊದಲ ಜಾಗ ಎಂಬ ಎಚ್ಚರ ನಿಧಾನಕ್ಕೆ ಸಡಿಲವಾಯಿತು.

ಈಗ ನಿಮ್ಮ ಮನೆಯೊಳಗೆ ಬರೋಣ. ನೀವು ಕೇಳದೇ ಇದ್ದ ವಿಷಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಕೆಲಸಗಾರರ ಕೂಲಿ ಹೊತ್ತಿಗೆ ಸರಿಯಾಗಿ ಸಂದಾಯವಾಗುತ್ತಿದೆಯೇ?

ಬೈಬಲಿನಲ್ಲಿ ಮನೆ ಕಟ್ಟಿಸುವುದರ ಬಗ್ಗೆ ನೇರವಾಗಿ ಮಾತಾಡುವ ಭಾಗವೊಂದಿದೆ. ಯೆರೆಮೀಯನ ಗ್ರಂಥದ 22ನೇ ಅಧ್ಯಾಯ. ಯೆಹೋಯಾಕೀಮನೆಂಬ ಅರಸ ತನ್ನ ಅರಮನೆಗೆ ವಿಶಾಲವಾದ ಮೇಲಂತಸ್ತು, ದೊಡ್ಡ ಕಿಟಕಿ, ದೇವದಾರು ಹಲಗೆ, ಕೆಂಪು ಬಣ್ಣ ಎಲ್ಲ ಮಾಡಿಸುತ್ತಾನೆ. ಪ್ರವಾದಿಯ ಸಿಟ್ಟು ಆ ಬಣ್ಣದ ಮೇಲಲ್ಲ. ನೆರೆಯವನಿಂದ ಕೆಲಸ ಮಾಡಿಸಿಕೊಂಡು ಕೂಲಿ ಕೊಡಲಿಲ್ಲವಲ್ಲ, ಅದರ ಮೇಲೆ. ಆಮೇಲೆ ಅವನ ಅಪ್ಪನ ಮಾತು ಬರುತ್ತದೆ. ಯೋಷೀಯನೂ ಉಂಡ, ಕುಡಿದ, ಆದರೆ ನ್ಯಾಯ ನಡೆಸಿದ, ಬಡವರ ಪರ ನಿಂತ. ನನ್ನನ್ನು ಅರಿಯುವುದೆಂದರೆ ಇದೇ ಅಲ್ಲವೇ ಎಂದು ದೇವರು ಕೇಳುತ್ತಾನೆ. ಈ ಸಾಲನ್ನು ಓದಿದಾಗಲೆಲ್ಲ ನಾನು ಅಲ್ಲೇ ನಿಂತುಬಿಡುತ್ತೇನೆ. ದೇವರನ್ನು ಅರಿಯುವ ಮಾತಿಗೆ ಇಲ್ಲಿ ಪ್ರಾರ್ಥನೆಯ ಉದಾಹರಣೆ ಬಂದಿಲ್ಲ, ಬಂದಿರುವುದು ಬಡವರಿಗೆ ಸಿಕ್ಕ ನ್ಯಾಯ.

ಧರ್ಮೋಪದೇಶಕಾಂಡ 24ರಲ್ಲಿ ಬಡ ಕೂಲಿಯವನ ಹಣವನ್ನು ಅದೇ ದಿನ ಸೂರ್ಯ ಮುಳುಗುವ ಮೊದಲು ಕೊಡಬೇಕು ಎಂದಿದೆ. ಅವನು ಅದರ ಮೇಲೇ ಮನಸ್ಸಿಟ್ಟಿರುತ್ತಾನೆ ಎಂದು ಕಾರಣವನ್ನೂ ಕೊಟ್ಟಿದೆ. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ ಕೊಡದೆ ಉಳಿಸಿಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ. ನಿಮ್ಮ ಒಪ್ಪಂದ ಗುತ್ತಿಗೆದಾರನ ಜೊತೆಗಿರಬಹುದು. ನೀವು ಅವನಿಗೆ ಹಣ ಕೊಟ್ಟಿರುತ್ತೀರಿ, ಆದರೆ ಮರಳು ಜರಡಿ ಹಿಡಿಯುವ ಹೆಂಗಸಿಗೆ ಅದು ಮುಟ್ಟಿತೋ ಇಲ್ಲವೋ ಗೊತ್ತಿರುವುದಿಲ್ಲ. ಕೇಳಿ. ಕೇಳುವ ಹಕ್ಕು ನಿಮಗಿದೆ, ಬಾಧ್ಯತೆಯೂ ಇದೆ. ಕೆಲಸ ಕೆಟ್ಟರೆ ಕೆಲಸದ ಬಗ್ಗೆ ಜಗಳವಾಡಿ, ತಪ್ಪಿಲ್ಲ. ಮುಗಿದ ಭಾಗದ ಕೂಲಿಯನ್ನು ಮಾತ್ರ ಒತ್ತಾಯಕ್ಕೆಂದು ತಡೆಹಿಡಿಯಬೇಡಿ. ಸರಿಪಡಿಸಲೆಂದು ಒಂದು ಪಾಲು ಇಟ್ಟುಕೊಳ್ಳುವುದಾದರೆ ಅದನ್ನು ಶುರುವಿನಲ್ಲೇ ಬರೆದುಕೊಂಡಿರಬೇಕು.

ನೆಹೆಮೀಯನ ಗ್ರಂಥವನ್ನು ಕಟ್ಟಡ ನಿಧಿಯ ಭಾನುವಾರಗಳಂದು ಬಹಳ ಓದುತ್ತಾರೆ. ಯೆರೂಸಲೇಮಿನ ಗೋಡೆ 52 ದಿನದಲ್ಲಿ ಮುಗಿಯಿತು ಎಂಬುದು ಎಲ್ಲರಿಗೂ ಬಾಯಿಪಾಠ. 3ನೇ ಅಧ್ಯಾಯದಲ್ಲಿ ಎಷ್ಟೋ ಜನ ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನೇ ದುರಸ್ತಿ ಮಾಡಿದ್ದು, ಶಲ್ಲೂಮನ ಹೆಣ್ಣುಮಕ್ಕಳೂ ಅಪ್ಪನ ಜೊತೆ ಕೆಲಸಕ್ಕೆ ನಿಂತದ್ದು ಇದೆ. ಆದರೆ 5ನೇ ಅಧ್ಯಾಯವನ್ನು ಯಾರೂ ಓದುವುದಿಲ್ಲ. ಗೋಡೆಯ ಕೆಲಸ ಅರ್ಧದಲ್ಲಿರುವಾಗ ಬಡವರು ಬಂದು, ಸಾಲಕ್ಕೆ ನಮ್ಮ ಹೊಲ, ದ್ರಾಕ್ಷಿತೋಟ, ಮನೆ ಒತ್ತೆ ಹೋಗಿವೆ, ಮಕ್ಕಳನ್ನೇ ಜೀತಕ್ಕೆ ಬಿಡುತ್ತಿದ್ದೇವೆ ಎಂದು ಗೋಳಾಡುತ್ತಾರೆ. ಗೋಡೆ ಮುಗಿಯಲಿ, ಆಮೇಲೆ ನೋಡೋಣ ಎಂದು ನೆಹೆಮೀಯ ಹೇಳುವುದಿಲ್ಲ. ದೊಡ್ಡ ಸಭೆ ಕರೆದು, ಬಡ್ಡಿ ಬಿಡಿಸಿ, ಹೊಲಮನೆ ವಾಪಸು ಕೊಡಿಸುತ್ತಾನೆ.

ಸುರಕ್ಷತೆಯೂ ಇದರ ಭಾಗವೇ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಮೋಟುಗೋಡೆ ಕಟ್ಟಿಸು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ನಿನ್ನದು ಎಂದು ಧರ್ಮೋಪದೇಶಕಾಂಡ 22:8 ಹೇಳುತ್ತದೆ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ಮನೆ ಕಟ್ಟುವವನಿಗೆ ಬಂದಾಗ ತಾಳುವ ರೂಪ ಇದು. ಹಾಗಾಗಿ ಅಟ್ಟಣೆ ಅಲ್ಲಾಡುತ್ತಿದೆಯೇ, ಎತ್ತರದಲ್ಲಿ ಬಣ್ಣ ಹೊಡೆಯುವವನಿಗೆ ಹಿಡಿತವಿದೆಯೇ, ಬಿಚ್ಚಿಟ್ಟ ವೈರಿನಲ್ಲಿ ಕರೆಂಟ್ ಹರಿಯುತ್ತಿದೆಯೇ ಎಂದು ನೀವೇ ನೋಡಿ. ಹಳೆಯ ಮನೆ ಎಂದಿರಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ ಬಣ್ಣವನ್ನು ಉಜ್ಜಿದರೆ ಏಳುವ ಪುಡಿ ಸಣ್ಣ ಮಕ್ಕಳ ಮಿದುಳಿಗೂ ಗರ್ಭಿಣಿಯರಿಗೂ ಅಪಾಯ. ಒದ್ದೆ ಮಾಡಿ ಉಜ್ಜಿಸಿ, ಆ ಕೋಣೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿ. ಹಳೆಯ ಕಲ್ನಾರಿನ ಶೀಟುಗಳಿದ್ದರೆ ಅದನ್ನು ಒಡೆಯಿಸಲೇಬೇಡಿ, ಗೊತ್ತಿದ್ದವರಿಂದ ಇಡಿಯಾಗಿ ಬಿಚ್ಚಿಸಿ. ಇದನ್ನೆಲ್ಲ ನಾನು ಧರ್ಮದ ಮಾತಿನ ನಡುವೆ ತುರುಕುತ್ತಿಲ್ಲ, ಇದೇ ಧರ್ಮದ ಮಾತು.

ಇನ್ನು ಅಣ್ಣನ ವಿಷಯ. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಗುಂಪಿನಿಂದ ಒಬ್ಬ ಎದ್ದು, ಆಸ್ತಿಯನ್ನು ನನಗೆ ಪಾಲು ಮಾಡಿಕೊಡಲು ನನ್ನ ಅಣ್ಣನಿಗೆ ಹೇಳು ಎಂದು ಯೇಸುವನ್ನು ಕೇಳುತ್ತಾನೆ. ಯೇಸು ಒಪ್ಪುವುದಿಲ್ಲ. ನನ್ನನ್ನು ನಿಮ್ಮ ಪಂಚಾಯ್ತಿದಾರನಾಗಿ ಇಟ್ಟವರು ಯಾರು ಎಂದು ಕೇಳಿ, ಲೋಭದ ಬಗ್ಗೆ ಎಚ್ಚರಿಸುತ್ತಾನೆ. ಆ ಎಚ್ಚರಿಕೆ ಇಬ್ಬರಿಗೂ ಸೇರಿ ಹೇಳಿದ್ದು ಎಂದು ನಾನು ಓದುತ್ತೇನೆ. ಹಾಗಾಗಿ ನಾನೂ ತೀರ್ಪು ಕೊಡುವುದಿಲ್ಲ. ಎರಡು ಮಾತು ಮಾತ್ರ ಹೇಳುತ್ತೇನೆ.

ಮೊದಲನೆಯದು ಲೆಕ್ಕದ್ದು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂಬ ಮಾತು ಲೂಕ 14ರಲ್ಲಿದೆ. ಶಿಷ್ಯರಾಗುವ ಬೆಲೆಯ ಬಗ್ಗೆ ಹೇಳಿದ್ದಾದರೂ ಕೇಳುತ್ತಿದ್ದವರಿಗೆ ಅದು ದಿನನಿತ್ಯದ ಬುದ್ಧಿ ಎಂದು ಗೊತ್ತಿತ್ತು. ಹಳೆಯ ಮನೆಯ ಎಸ್ಟಿಮೇಟ್ ಎಂದಿಗೂ ಬರೆದಲ್ಲಿಗೆ ನಿಲ್ಲುವುದಿಲ್ಲ. ಒಟ್ಟು ಮೊತ್ತದ ಮೇಲೆ ಕನಿಷ್ಠ ಶೇ. 10ರಿಂದ 20ರಷ್ಟು ಬೇರೆ ಇಡಲೇಬೇಕು. ನಿಮ್ಮ ಮನೆಯಲ್ಲಿ ಅದನ್ನು ಇಟ್ಟಿರಲಿಲ್ಲ ಎಂದು ನನ್ನ ಊಹೆ. ಹೆಚ್ಚುವರಿ ಖರ್ಚು ಬಂದಾಗ ಅದು ಯಾರದು ಎಂಬ ಪ್ರಶ್ನೆ ಎದ್ದಿದೆ, ಹಳೆಯ ನೋವುಗಳೂ ಅದರ ಜೊತೆ ಎದ್ದಿವೆ. ಒಂದು ನೋಟ್‌ಬುಕ್ ತೆಗೆದು ಇದುವರೆಗಿನ ಖರ್ಚು, ಬಾಕಿ, ಯಾರು ಎಷ್ಟು ಕೊಟ್ಟರು ಎಂದು ಬರೆದು ಅಣ್ಣನ ಮುಂದೆ ಇಡಿ. ಯಾವ ಕೆಲಸ ಮನೆ ನಿಲ್ಲಲು ಬೇಕು, ಯಾವುದು ಅಂದಕ್ಕೆ ಬೇಕು ಎಂದು ಬೇರೆ ಬೇರೆ ಬರೆಯಿರಿ. ಸೋರುವ ಮಾಳಿಗೆ, ಬಿರುಕು, ತೇವ, ಹಳೆಯ ವೈರಿಂಗ್ ಮೊದಲನೆಯ ಪಟ್ಟಿಗೆ. ಟೈಲ್ಸ್ ಎರಡನೆಯದಕ್ಕೆ. ಜಗಳಗಳಲ್ಲಿ ಬಹುಪಾಲು ಎರಡನೆಯ ಪಟ್ಟಿಯವು ಎಂದು ನಿಮಗೇ ಕಾಣುತ್ತದೆ.

ಎರಡನೆಯ ಮಾತು ಮತ್ತಾಯ 5:23ರದ್ದು. ಕಾಣಿಕೆ ತಂದಿರುವಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ರಾಜಿಯಾಗು. ಯಾರ ತಪ್ಪು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಪ್ರಾರ್ಥನೆ ನಿಂತಿದೆ ಎಂದು ನೀವು ದುಃಖಪಟ್ಟಿದ್ದೀರಿ. ಅದಕ್ಕೆ ಧೂಳು ಎಷ್ಟು ಕಾರಣ, ಅಣ್ಣನ ಜೊತೆ ಮಾತು ಬೆಳೆದದ್ದು ಎಷ್ಟು ಕಾರಣ ಎಂದು ಯೋಚಿಸಿ. ಮೊದಲು ಫೋನ್ ಮಾಡಬೇಕಾದವರು ನೀವೇ. ನೀವು ಬರೆದು ಕೇಳಿದ್ದೀರಿ, ಹಾಗಾಗಿ ನಿಮಗೇ ಹೇಳುತ್ತೇನೆ.

ನಾಚಿಕೆಯ ಬಗ್ಗೆ. 2014ರ ಜುಲೈ ತಿಂಗಳಲ್ಲಿ ಇರಾಕಿನ ಮೋಸುಲ್ ನಗರವನ್ನು ಹಿಡಿದಿದ್ದ ಐಸಿಸ್ ಉಗ್ರರು ಕ್ರೈಸ್ತರ ಮನೆಗಳ ಗೋಡೆಗೆ ಅರಬ್ಬಿಯ ‘ನೂನ್’ ಅಕ್ಷರ ಬರೆದರು. ನಜರೇತಿನವನ, ಅಂದರೆ ಯೇಸುವಿನ, ಕಡೆಯವರು ಎಂಬುದರ ಗುರುತು. ಮತ ಬದಲಿಸಿ, ತೆರಿಗೆ ಕೊಡಿ, ಊರು ಬಿಡಿ, ಇಲ್ಲವೇ ಸಾಯಿರಿ ಎಂದರು. ಜನ ಉಟ್ಟ ಬಟ್ಟೆಯಲ್ಲಿ ಹೊರಟರು. ಆಗಸ್ಟಿನಲ್ಲಿ ನಿನೆವೆ ಬಯಲಿನ ಕರಾಕೋಶ್ ಪಟ್ಟಣವೂ ಖಾಲಿಯಾಯಿತು. 2016ರ ಅಕ್ಟೋಬರಿನಲ್ಲಿ ಪಟ್ಟಣ ಬಿಡುಗಡೆಯಾದಾಗ ಅಲ್ಲಿ ಉಳಿದದ್ದು ಸುಟ್ಟು ಕಪ್ಪಾದ ಮನೆಗಳು, ಮಸಿ ಹಿಡಿದ ಅಲ್ ತಾಹಿರಾ ದೇವಾಲಯ. ಮುಂದಿನ ವರ್ಷ ಕಲ್ದಾಯ, ಸಿರಿಯನ್ ಕಥೋಲಿಕ, ಸಿರಿಯನ್ ಆರ್ಥಡಾಕ್ಸ್ ಸಭೆಗಳು ಸೇರಿ ಪುನರ್ನಿರ್ಮಾಣ ಸಮಿತಿ ಮಾಡಿಕೊಂಡು ಮನೆಗಳ ದುರಸ್ತಿ ಹಿಡಿದವು. ಮೂರೂ ಸಭೆಗಳ ನಡುವೆ ನೂರಾರು ವರ್ಷಗಳ ಭಿನ್ನಾಭಿಪ್ರಾಯವಿದೆ, ಆದರೂ ಕೂಡಿ ಮಾಡಿದರು. 2021ರ ಮಾರ್ಚ್ 7ರಂದು ಪೋಪ್ ಫ್ರಾನ್ಸಿಸ್ ಆ ದೇವಾಲಯಕ್ಕೆ ಬಂದರು.

ಇದನ್ನು ನಿಮ್ಮ ನಾಚಿಕೆ ಹೆಚ್ಚಿಸಲು ಹೇಳುತ್ತಿಲ್ಲ. ಸುಟ್ಟುಹೋದ ಊರಿಗೆ ಹಿಂತಿರುಗಿದವರು ಮೊದಲು ಮಾಡಿದ ಕೆಲಸಗಳಲ್ಲಿ ಮನೆ ರಿಪೇರಿಯೂ ಒಂದು ಎಂಬುದನ್ನು ಗಮನಿಸಿ. ಅವರಿಗೂ ಕಿಟಕಿ ಬೇಕಿತ್ತು, ನಲ್ಲಿ ಬೇಕಿತ್ತು, ಗೋಡೆಗೆ ಬಣ್ಣ ಬೇಕಿತ್ತು. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರದಲ್ಲೂ ಮೊದಲ ಸೂಚನೆ, ಮನೆ ಕಟ್ಟಿಕೊಂಡು ವಾಸಿಸಿ ಎಂಬುದೇ. ಒಳ್ಳೆಯ ಮನೆ ಬಯಸುವುದು ಪಾಪವಲ್ಲ.

ಪ್ರವಾದಿ ಹಗ್ಗಾಯನ ಮಾತನ್ನೂ ಮುಚ್ಚಿಡುವ ಹಾಗಿಲ್ಲ. ಕ್ರಿ.ಪೂ. 520ರಲ್ಲಿ ಅವನು, ಯೆರೂಸಲೇಮಿನ ದೇವಾಲಯ ಹಾಳುಬಿದ್ದಿರುವಾಗ ನೀವು ಹಲಗೆ ಹೊದಿಸಿದ ಮನೆಗಳಲ್ಲಿ ವಾಸಿಸುವ ಸಮಯವೇ ಇದು ಎಂದು ಕೇಳಿದ. ಸೆರೆಯಿಂದ ಬಂದ ಹೊಸತರಲ್ಲಿ ಅಡಿಪಾಯ ಹಾಕಿ, ವಿರೋಧ ಬಂದಾಗ ನಿಲ್ಲಿಸಿ, ತಮ್ಮ ಮನೆಗಳಲ್ಲಿ ಮುಳುಗಿ ವರ್ಷಗಳೇ ಕಳೆದಿದ್ದವು. ಇದನ್ನು ಚರ್ಚ್ ಕಟ್ಟಡಕ್ಕೆ ಹಣ ಎತ್ತಲು ಮಾತ್ರ ಬಳಸುವುದು ನನಗೆ ಸರಿ ಕಾಣುವುದಿಲ್ಲ. ಇಂದು ದೇವರ ಮನೆ ಎಂದರೆ ಜನ ಎಂದು ಹೊಸ ಒಡಂಬಡಿಕೆ ಹೇಳುತ್ತದೆ. ಹಾಗಾಗಿ ನನ್ನ ಸಲಹೆ ಹೀಗೆ. ನಿಮ್ಮ ಒಟ್ಟು ಬಜೆಟ್ಟಿನಲ್ಲಿ ಒಂದು ಪಾಲನ್ನು ಇನ್ನೊಬ್ಬರ ಮನೆಗೆಂದು ಮೊದಲೇ ತೆಗೆದಿಡಿ. ನಿಮ್ಮ ಸಭೆಯಲ್ಲೇ ಸೋರುವ ಸೂರಿನಡಿ ಇರುವ ಒಂಟಿ ಹಿರಿಯರು ಯಾರಾದರೂ ಇದ್ದೇ ಇರುತ್ತಾರೆ. ಟೈಲ್ಸ್ ಒಂದು ದರ್ಜೆ ಕೆಳಗಿಳಿಸಿದರೆ ಉಳಿಯುವ ಹಣ ಅದಕ್ಕೆ ಸಾಕಾಗಬಹುದು. ಮೇಸ್ತ್ರಿ ಹೇಗೂ ಬರುತ್ತಿದ್ದಾನೆ, ಉಳಿದ ಸಾಮಾನೂ ಇದೆ. ನಾಚಿಕೆ ಎಂಬ ಭಾವನೆಗೆ ಕೈಕಾಲು ಬಂದರೆ ಅದು ನಾಚಿಕೆಯಾಗಿ ಉಳಿಯುವುದಿಲ್ಲ.

ಮಗನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ನನ್ನ ಮನಸ್ಸು ಭಾರವಾಗುತ್ತದೆ.

ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 2020ರಲ್ಲಿ ಲೋಕದಲ್ಲಿ ಸುಮಾರು 230 ಕೋಟಿ ಕ್ರೈಸ್ತರಿದ್ದರು. ಹತ್ತು ವರ್ಷದಲ್ಲಿ ಸಂಖ್ಯೆ ಹೆಚ್ಚಿದರೂ ಜನಸಂಖ್ಯೆಯಲ್ಲಿ ಪಾಲು ಶೇ. 28.8ಕ್ಕೆ ಇಳಿದಿತ್ತು. ಇಳಿಯಲು ಮುಖ್ಯ ಕಾರಣ, ಕ್ರೈಸ್ತ ಮನೆಗಳಲ್ಲಿ ಬೆಳೆದವರು ದೊಡ್ಡವರಾದ ಮೇಲೆ ಬಿಟ್ಟುಹೋಗುವುದು. ನಿಮ್ಮ ಮಗ ಒಂಟಿಯಲ್ಲ ಎಂದಾಯಿತು. ಅವನು ತೋರಿಸುವ ಸುದ್ದಿಗಳೂ ಸುಳ್ಳಲ್ಲ. 2002ರಲ್ಲಿ ಬಾಸ್ಟನ್ ಪತ್ರಿಕೆಯೊಂದು ಪಾದ್ರಿಗಳ ಲೈಂಗಿಕ ದೌರ್ಜನ್ಯವನ್ನು ಬಿಷಪರು ಮುಚ್ಚಿಟ್ಟದ್ದನ್ನು ಬಯಲಿಗೆ ತಂದಿತು. 2022ರಲ್ಲಿ ಅಮೆರಿಕದ ದಕ್ಷಿಣ ಬ್ಯಾಪ್ಟಿಸ್ಟ್ ಒಕ್ಕೂಟದ ನಾಯಕರು ಸಂತ್ರಸ್ತರನ್ನು ವರ್ಷಗಟ್ಟಲೆ ಕಡೆಗಣಿಸಿದ್ದು ಸ್ವತಂತ್ರ ತನಿಖೆಯಿಂದ ಹೊರಬಂತು. 2024ರ ನವೆಂಬರಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಇಂಥದೇ ಪ್ರಕರಣವೊಂದರ ತನಿಖಾ ವರದಿಯ ನಂತರ ರಾಜೀನಾಮೆ ಘೋಷಿಸಿದರು. ಕಥೋಲಿಕರು, ಬ್ಯಾಪ್ಟಿಸ್ಟರು, ಆಂಗ್ಲಿಕನ್ನರು, ಯಾರೂ ಹೊರತಲ್ಲ.

ಮಗನ ಮುಂದೆ ಇದಕ್ಕೆ ಸಮರ್ಥನೆ ಹುಡುಕಬೇಡಿ. ಎಲ್ಲ ಕಡೆಯೂ ಇದೆ ಬಿಡು ಎಂದೂ ಹೇಳಬೇಡಿ. ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಮೇಲು ಎಂದ ಯೇಸು ಈ ವಿಷಯದಲ್ಲಿ ಹುಡುಗನ ಸಿಟ್ಟಿನ ಕಡೆಗೇ ಇದ್ದಾನೆ. ಅದನ್ನು ಅವನಿಗೆ ಹೇಳಿ.

ಒಂದೇ ಒಂದು ಹೋಲಿಕೆ ಮಾತ್ರ ಮಾಡುತ್ತೇನೆ, ಏಕೆಂದರೆ ಬೈಬಲಿನಲ್ಲೇ ಅದಕ್ಕೆ ಆಧಾರವಿದೆ. ಯಾಜಕಕಾಂಡ 14ರಲ್ಲಿ ಮನೆಯ ಗೋಡೆಗೆ ಹಿಡಿಯುವ ಬೂಷ್ಟಿನ ಬಗ್ಗೆ ವಿವರವಾದ ನಿಯಮಗಳಿವೆ. ಯಾಜಕ ಬಂದು ನೋಡಬೇಕು, ಏಳು ದಿನ ಮನೆ ಮುಚ್ಚಬೇಕು. ಹಬ್ಬಿದ್ದರೆ ಆ ಕಲ್ಲುಗಳನ್ನು ಕೀಳಿಸಿ, ಒಳಗಿನ ಗಾರೆಯನ್ನೆಲ್ಲ ಕೆರೆಸಿ ಊರ ಹೊರಗೆ ಸುರಿಸಿ, ಬೇರೆ ಕಲ್ಲು ಹಾಕಿ ಹೊಸ ಗಾರೆ ಮೆತ್ತಬೇಕು. ಮತ್ತೆ ಬಂದರೆ ಮನೆಯನ್ನೇ ಕೆಡವಬೇಕು. ಯಾಜಕ ಒಳಗೆ ಕಾಲಿಡುವ ಮೊದಲು ಸಾಮಾನನ್ನೆಲ್ಲ ಹೊರಗೆ ಸಾಗಿಸಲು ಮನೆಯವರಿಗೆ ಅವಕಾಶವಿದೆ, ಅವರ ಪಾತ್ರೆ ಪಡಗ ಅಶುದ್ಧವೆಂದು ನಷ್ಟವಾಗದಿರಲಿ ಎಂದು. ನಿಯಮ ಕಠಿಣ, ಆದರೆ ಅಲ್ಲಿ ವಾಸಿಸುವವರ ಮೇಲೆ ಕರುಣೆಯಿದೆ. ಸಭೆಗಳು ಎಷ್ಟೋ ಕಡೆ ಇದಕ್ಕೆ ತದ್ವಿರುದ್ಧ ಮಾಡಿದವು, ತೇವದ ಮೇಲೆ ಬಣ್ಣ ಬಳಿದವು. ತೇವದ ಮೂಲ ಹುಡುಕದೆ ಬಣ್ಣ ಬಳಿದರೆ ಏನಾಗುತ್ತದೆ ಎಂದು ಈಗ ನಿಮ್ಮ ಮಗನಿಗೆ ಚೆನ್ನಾಗಿ ಗೊತ್ತಿರಬೇಕು. ಈ ಅಧ್ಯಾಯವನ್ನು ಅವನ ಜೊತೆ ಓದಿ. ನಿಮ್ಮ ಸಭೆಯಲ್ಲಿ ಮಕ್ಕಳ ರಕ್ಷಣೆಗೆ ಬರೆದಿಟ್ಟ ನಿಯಮವಿದೆಯೇ, ದೂರು ಬಂದರೆ ಪೊಲೀಸರಿಗೆ ತಿಳಿಸುತ್ತಾರೆಯೇ ಎಂದು ನೀವಿಬ್ಬರೂ ಸೇರಿ ಹಿರಿಯರನ್ನು ಕೇಳಿ. ಮಗನ ಪ್ರಶ್ನೆಗೆ ತಾಯಿ ಸಭೆಯ ಮುಂದೆ ಜೊತೆ ನಿಂತಳು ಎಂಬುದು ಅವನು ಮರೆಯುವಂಥದ್ದಲ್ಲ. ಚರ್ಚಿಗೆ ಬರಲೇಬೇಕೆಂದು ಈ ವಯಸ್ಸಿನಲ್ಲಿ ಎಳೆದು ತರಬೇಡಿ. ಮನೆಯ ಪ್ರಾರ್ಥನೆಯ ಹೊತ್ತಿನಲ್ಲಿ ಅವನು ಸುಮ್ಮನೆ ಕೂತರೂ ಕೂರಲಿ, ಎದ್ದು ಹೋದರೂ ಹೋಗಲಿ. ಸಭೆಯ ಆ ಒಂಟಿ ಹಿರಿಯರ ಸೂರು ಸರಿಪಡಿಸಲು ಮಾತ್ರ ಅವನನ್ನು ಜೊತೆಗೆ ಕರೆಯಿರಿ.

ಪ್ರಾರ್ಥನೆಯನ್ನು ಮತ್ತೆ ಶುರು ಮಾಡಲು ಕೋಣೆ ಖಾಲಿಯಾಗುವವರೆಗೆ ಕಾಯಬೇಡಿ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ಬರೆದ ನಿಯಮಾವಳಿಯ 50ನೇ ಅಧ್ಯಾಯ ನಿಮಗೆಂದೇ ಬರೆದಂತಿದೆ. ಪ್ರಾರ್ಥನಾಲಯಕ್ಕೆ ಹೊತ್ತಿಗೆ ಬರಲಾಗದಷ್ಟು ದೂರ ಕೆಲಸಕ್ಕೆ ಹೋದವರು ಕೆಲಸದ ಜಾಗದಲ್ಲೇ ಮೊಣಕಾಲೂರಿ ಪ್ರಾರ್ಥಿಸಲಿ ಎನ್ನುತ್ತದೆ ಅದು. ಅದೇ ನಿಯಮಾವಳಿಯ 31ನೇ ಅಧ್ಯಾಯದಲ್ಲಿ ಮಠದ ಸಾಮಾನು ಸರಂಜಾಮನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎಂಬ ಮಾತಿದೆ. ಅದಕ್ಕೂ ಹಿಂದಿನ, ಆದಿ ಸಭೆಯ ‘ದಿದಖೆ’ ಎಂಬ ಪುಟ್ಟ ಬೋಧನಾ ಗ್ರಂಥ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಎನ್ನುತ್ತದೆ, ಅಷ್ಟೇ. ನೀವೂ ಅಷ್ಟೇ ಮಾಡಿ. ಬೆಳಿಗ್ಗೆ ಕೆಲಸದವರು ಬರುವ ಮೊದಲು, ಮಧ್ಯಾಹ್ನ ಯಂತ್ರಗಳು ನಿಂತಾಗ, ಸಂಜೆ ಗುಡಿಸಿದ ಮೇಲೆ. ನಿಂತುಕೊಂಡೇ ಹೇಳಬಹುದು. ಕುಟುಂಬ ಪ್ರಾರ್ಥನೆ ಎಂದರೆ ಹಾಡು, ಪಾಠ, ಉದ್ದನೆಯ ಬಿನ್ನಹ ಎಲ್ಲವೂ ಇರಬೇಕೆಂಬ ಲೆಕ್ಕದಿಂದಲೇ ಬಹಳ ಮನೆಗಳಲ್ಲಿ ಅದು ನಿಲ್ಲುತ್ತದೆ.

ಭಾನುವಾರ ಮೊಬೈಲಿನಲ್ಲಿ ಆರಾಧನೆ ನೋಡುವುದು ಕಾಯಿಲೆಯವರಿಗೆ, ಮನೆಯಿಂದ ಹೊರಡಲಾಗದವರಿಗೆ ದೊಡ್ಡ ಉಪಕಾರ. 2020ರ ಮಹಾಮಾರಿಯ ಕಾಲದಲ್ಲಿ ಅದು ಎಲ್ಲರನ್ನೂ ಕಾಪಾಡಿತು. ನಿಮಗೆ ಈಗ ಅದು ಬೇಡ. ನೀವು ದಣಿದಿದ್ದೀರಿ, ದಣಿದವರಿಗೆ ನಾಲ್ಕು ಜನರ ಮುಖ ಬೇಕು, ರೊಟ್ಟಿ ದ್ರಾಕ್ಷಾರಸ ಕೈಗೆ ಬರಬೇಕು. ಪರದೆಯ ಮುಂದೆ ಕೂತಾಗ ನಿಮ್ಮ ಮನೆಯ ಪಾಡು ಯಾರಿಗೂ ಗೊತ್ತಾಗುವುದಿಲ್ಲ, ಯಾರೂ ಬಂದು ಹೆಗಲು ಕೊಡುವುದಿಲ್ಲ. ಮೈಮೇಲೆ ಸುಣ್ಣದ ಕಲೆ ಇದ್ದರೂ ಹೋಗಿ. ವಾರದಲ್ಲಿ ಆ ಒಂದು ದಿನ ಕೆಲಸ ಪೂರ್ತಿ ನಿಲ್ಲಿಸಿ. ಸಬ್ಬತ್ತಿನ ಆಜ್ಞೆಯಲ್ಲಿ ಆಳುಗಳ ಹೆಸರೂ, ಮನೆಯಲ್ಲಿರುವ ಪರದೇಶಿಯ ಹೆಸರೂ ಸೇರಿವೆ. ನಿಮ್ಮ ಕೆಲಸದವರು ಬೇರೆ ನಂಬಿಕೆಯವರಿರಬಹುದು, ಅವರಿಗೆ ವಿಶ್ರಾಂತಿಯ ದಿನ ಬೇರೆ ಇರಬಹುದು. ಅವರನ್ನೇ ಕೇಳಿ ಗೊತ್ತುಮಾಡಿ, ಆ ದಿನವನ್ನೂ ಬಿಡಿ. ಕೆಲಸ ಸ್ವಲ್ಪ ತಡವಾಗುತ್ತದೆ, ಆಗಲಿ.

ಗೃಹಪ್ರವೇಶದ ಆಶೀರ್ವಾದ ಪ್ರಾರ್ಥನೆಗೆ ದಿನ ಯಾವಾಗ ಇಡಲಿ ಎಂದು ಮುಂದೆ ನೀವು ಕೇಳಬಹುದು, ಬಹಳ ಜನ ಕೇಳುತ್ತಾರೆ. ಕೊನೆಯ ಬಣ್ಣ ಒಣಗುವವರೆಗೆ ಅದನ್ನು ಮುಂದೂಡಬೇಕಿಲ್ಲ. ಅಡುಗೆಮನೆ ಒಂದು ಬಳಸುವಂತಾದ ವಾರವೇ ಪಾಸ್ಟರನ್ನೋ ಫಾದರನ್ನೋ ಕರೆಯಿರಿ. ಅಣ್ಣನ ಮನೆಯವರನ್ನು ಕರೆಯಿರಿ. ಗಾರೆಯವರು, ಬಡಗಿ, ಪ್ಲಂಬರ್, ಮರಳು ಹೊತ್ತವರು, ಎಲ್ಲರನ್ನೂ ಅವರ ಮನೆಯವರ ಸಮೇತ ಕರೆದು ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸಿ. ಆ ದಿನದ ಹೊತ್ತಿಗೆ ಅವರ ಬಾಕಿ ಪೂರ್ತಿ ತೀರಿರಲಿ.